ಮುರುಗಪ್ಪನ ಹೋಟ್ಲಿನ ಕಾಟಮ್ಮ

ಐಮಂಗಲದಲ್ಲಿ ಬಸ್ಸಿಳಿದು ಒಳ್ಳೆಯ ಪಡ್ಡು ಎಲ್ಲಿ ಸಿಗುತ್ತದೆ ಎಂದು ಯಾರನ್ನು ಕೇಳಿದರೂ ಸರ್ವಿಸ್ ರಸ್ತೆಯ ತುದಿಗೆ ಕೈ ತೋರಿಸಿ, ಮುರುಗಪ್ಪನ ಹೋಟ್ಲಿಗೆ ಹೋಗ್ರಿ ಎನ್ನುತ್ತಿದ್ದರು. ಬೋರ್ಡಿನ ಮೇಲೆ ಶ್ರೀ ಗುರು ಟಿಫಿನ್ ಸೆಂಟರ್ ಎಂದಿತ್ತು. ಅದನ್ನು ಓದಿದವರು ಕಡಿಮೆ. ಒಳಗೆ ಆರು ಮೇಜು, ಎರಡು ಫ್ಯಾನು, ಬಾಗಿಲ ಪಕ್ಕದ ಗಲ್ಲಾದಲ್ಲಿ ಹಣೆ ತುಂಬ ವಿಭೂತಿ ಧರಿಸಿ ಕೂತ ಮುರುಗಪ್ಪನವರು. ಪಡ್ಡು ಬಾಯಿಗಿಟ್ಟವರು ಅಲ್ಲಿಂದಲೇ ಕತ್ತು ತಿರುಗಿಸಿ, "ಏನು ಕೈರುಚಿ ಸಾವ್ಕಾರ್ರೆ ನಿಮ್ದು!" ಎನ್ನುತ್ತಿದ್ದರು. ಮುರುಗಪ್ಪನವರು ಎದೆ ಮೇಲೆ ಕೈಯಿಟ್ಟು, ಎಲ್ಲ ಶಿವನ ದಯೆ ಎಂಬಂತೆ ಮೇಲೆ ನೋಡುತ್ತಿದ್ದರು.

ಆ ಕೈರುಚಿ ಅಡುಗೆಮನೆಯಲ್ಲಿ ನಿಂತಿರುತ್ತಿದ್ದ ಕಾಟಮ್ಮನದು.

ಕಾಟಮ್ಮನ ತವರು ಹರಿಯಬ್ಬೆ ಕಡೆಯ ಒಂದು ಗೊಲ್ಲರಹಟ್ಟಿ. ಬೀರಪ್ಪನನ್ನು ಮದುವೆಯಾಗಿ ಐಮಂಗಲದ ಪಕ್ಕದ ಹಟ್ಟಿಗೆ ಬಂದವಳು, ಇಪ್ಪತ್ತೈದನೇ ವಯಸ್ಸಿಗೆ ಪಾತ್ರೆ ತೊಳೆಯಲು ಈ ಹೋಟ್ಲಿಗೆ ಸೇರಿದಳು. ಆಗ ಹಿಟ್ಟು ರುಬ್ಬುತ್ತಿದ್ದವರು ಮುರುಗಪ್ಪನವರ ಹೆಂಡತಿ ಮರುಳಸಿದ್ದಮ್ಮ. ಒಂದು ಸಲ ಅವರು ಬಚ್ಚಲಲ್ಲಿ ಜಾರಿ ಮುಂಗೈ ಮುರಿದುಕೊಂಡರು. ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತು, ಅಕ್ಕಿ ಎಷ್ಟು, ಉದ್ದು ಎಷ್ಟು, ಮೆಂತ್ಯ ಎಷ್ಟು ಎಂದು ಹೇಳಿ ಕಾಟಮ್ಮನ ಕೈಯಲ್ಲಿ ಮಾಡಿಸಿದರು. ಕೈ ವಾಸಿಯಾದ ಮೇಲೂ ಅವರು ಒಲೆಯ ಹತ್ತಿರ ಬರಲಿಲ್ಲ. ಬರುವ ಅಗತ್ಯ ಕಾಣಲಿಲ್ಲ. ಅವರು ಕಲಿಸಿದ್ದು ಅರ್ಧ, ಉಳಿದರ್ಧ ಕಾಟಮ್ಮನ ಕೈ ತಾನಾಗಿ ಕಲಿಯಿತು. ಮೋಡ ಮುಚ್ಚಿದ ದಿನ ಹಿಟ್ಟಿಗೆ ಒಂದು ಹಿಡಿ ಅವಲಕ್ಕಿ ಹೆಚ್ಚು ಬೀಳಬೇಕು ಎಂಬುದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಹೀಗೆ ಇಪ್ಪತ್ತೊಂದು ವರ್ಷ ಕಳೆಯಿತು. ಅವಳು ಹಿಂದಿನ ಬಾಗಿಲಲ್ಲಿ ಬರುವಳು, ಹಿಂದಿನ ಬಾಗಿಲಲ್ಲೇ ಹೋಗುವಳು. ಅಡುಗೆಮನೆಗೂ ಮೇಜುಗಳಿದ್ದ ಹಾಲಿಗೂ ನಡುವೆ ತಟ್ಟೆ ತಳ್ಳುವಷ್ಟು ಅಗಲದ ಕಿಂಡಿ ಇತ್ತು. ಅದರಲ್ಲಿ ಗಿರಾಕಿಗಳಿಗೆ ಕಾಣುತ್ತಿದ್ದುದು ಬಳೆ ತೊಟ್ಟ ಒಂದು ಮುಂಗೈ ಅಷ್ಟೇ. ಒಲೆ ಮುಂದೆ ಯಾರಿದ್ದಾರೆ, ಯಾವ ಕಡೆಯವರು ಎಂದು ಯಾರೂ ಕೇಳಿದವರಲ್ಲ. ಗಲ್ಲಾದಲ್ಲಿ ವಿಭೂತಿ ಕಾಣುತ್ತಿತ್ತು, ಕೇಳುವವರಿಗೂ ಅಷ್ಟು ಸಾಕಾಗಿತ್ತು.

ಹೋದ ವರ್ಷ ಯುಗಾದಿ ಕಳೆದ ಮೇಲೆ ಮುರುಗಪ್ಪನವರ ಮಂಡಿ ಪೂರ್ತಿ ಸೋತಿತು. ಚಿತ್ರದುರ್ಗದ ಡಾಕ್ಟರು ಕೂತು ಏಳುವ ಕೆಲಸ ಬಿಡಿ ಎಂದರು. ದಾವಣಗೆರೆಯಲ್ಲಿದ್ದ ಮಗಳು ಶಿವಗಂಗಾ ಫೋನಿನಲ್ಲಿ ಅತ್ತು ಕರೆದು, ಹೋಟ್ಲು ಬಿಡುವುದಾಗಿ ಮಾತು ತೆಗೆದುಕೊಂಡಳು. ಬೇಕರಿ ಇಡುತ್ತೇವೆಂದು ಇಬ್ಬರು ಬಂದು ಜಾಗ ಅಳೆದು ಹೋದರು. ಆಮೇಲೊಂದು ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಮುರುಗಪ್ಪನವರು ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದರು. ಕಾಟಮ್ಮ ಮೊರದಲ್ಲಿ ಉದ್ದು ಆರಿಸುತ್ತಿದ್ದಳು.

"ನಾನು ಬಿಡ್ತಿದೀನಿ ಕಣಮ್ಮ."

"ಕೇಳಿದೆ ಸಾವ್ಕಾರ್ರೆ. ಬೇಕರಿ ಬರ್ತೈತಂತೆ."

"ಅವರು ಮೊದಲು ಒಲೆ ಕಿತ್ತು ಹಾಕ್ತಾರಂತೆ. ಯಾಕೋ ಮನಸ್ಸು ಒಪ್ಪವಲ್ದು. ನೀನೇ ನಡೆಸ್ತೀಯಾ?"

ಕಾಟಮ್ಮ ತಲೆಯೆತ್ತಲಿಲ್ಲ. ಉದ್ದಿನಲ್ಲಿ ಒಂದು ಕಲ್ಲು ಸಿಕ್ಕಿತು, ತೆಗೆದು ಹೊರಗೆ ಎಸೆದಳು.

"ಒಲೆ ನಡೆಸ್ತೀನಿ. ಹೋಟ್ಲು ನಡೆಸಾಕೆ ನನಗೆಲ್ಲಿ ಬರ್ತೈತೆ?"

"ಇಷ್ಟು ವರ್ಷ ನಡೆಸಿದ್ದು ಯಾರು ಮತ್ತೆ?" ಎಂದು ಹೇಳಿ ಮುರುಗಪ್ಪನವರು ಬಂದ ಹಾಗೆಯೇ ಗೋಡೆ ಹಿಡಿದು ಹೊರಟುಹೋದರು.

ರಾತ್ರಿ ಊಟದ ಹೊತ್ತಿಗೆ ಅವಳು ವಿಷಯ ತೆಗೆದಳು. ಬೀರಪ್ಪ ಕೋಳಿ ಫಾರಮ್ಮಿನಲ್ಲಿ ಕಾವಲಿಗಿದ್ದ, ಮಾತು ಕಡಿಮೆ. ಮುದ್ದೆ ಮುಗಿಸಿ ಕೈ ತೊಳೆದ ಮೇಲೆ ಹೇಳಿದ. "ಒಲೆ ಮುಂದೆ ನಿನ್ನ ಮಾತು ನಡೀತೈತೆ. ಗಲ್ಲಾದಾಗೆ ಕುಂತ್ರೆ ಜನ ಆಡಿದ್ದು ಕೇಳಿಸ್ಕಬೇಕು. ಆಯ್ತದಾ ನಿನ್ನ ಕೈಲಿ?"

ಹಿರಿಯೂರಿನ ಕಾಲೇಜಿಗೆ ಹೋಗುತ್ತಿದ್ದ ಮಗಳು ಯಮುನಾ ಊಟಕ್ಕೆ ಕೂತಲ್ಲಿಂದಲೇ, "ಆಯ್ತದೆ ಅನ್ನವ್ವ ಸುಮ್ನೆ. ಬೋರ್ಡಿಗೆ ನಿನ್ನ ಹೆಸರು ಬರೆಸಾಣ," ಎಂದಳು.

"ಬೋರ್ಡ್ ಮುಟ್ಟಬ್ಯಾಡ," ಎಂದಳು ಕಾಟಮ್ಮ. ಹಾಗೆಂದ ಮೇಲೆ ತಾನು ಒಪ್ಪಿಕೊಂಡಂತಾಯಿತು ಎಂಬುದು ಅವಳಿಗೆ ಗೊತ್ತಾಯಿತು.

ಬಾಡಿಗೆಯ ಮಾತಾಯಿತು. ಒಂದು ಸೋಮವಾರ ಮರುಳಸಿದ್ದಮ್ಮನೇ ಬಂದು ಒಲೆಗೆ ಕುಂಕುಮ ಇಟ್ಟು, ಕಾಟಮ್ಮನ ಮಡಿಲಿಗೆ ಒಂದು ತೆಂಗಿನಕಾಯಿ ಹಾಕಿ ಹೋದರು. ಕಾಟಮ್ಮ ಎಂದಿನಂತೆ ನಾಲ್ಕಕ್ಕೇ ಎದ್ದು ಹಿಟ್ಟು ಹದ ಮಾಡಿದಳು, ಚಟ್ನಿ ರುಬ್ಬಿದಳು. ಹಂಚಿನ ಮುಂದೆ ನಾದಿನಿ ದ್ಯಾಮಮ್ಮನನ್ನು ನಿಲ್ಲಿಸಿದಳು. ದ್ಯಾಮಮ್ಮನೂ ಹೊಸಬಳಲ್ಲ, ಆರು ವರ್ಷದಿಂದ ಅದೇ ಹಂಚಿನಲ್ಲಿ ಪಡ್ಡು ತಿರುವುತ್ತಿದ್ದವಳು. ಬಡಿಸಲು ಹಳೆಯ ಸಪ್ಲೈಯರ್ ತಿಪ್ಪಯ್ಯನೇ ಇದ್ದ, ಅವನ ಮೀಸೆಯೂ ಇದೇ ಹೋಟ್ಲಿನಲ್ಲಿ ಬೆಳ್ಳಗಾಗಿತ್ತು. ಏಳು ಗಂಟೆಗೆ ಕಾಟಮ್ಮ ಸೆರಗು ಸರಿಮಾಡಿಕೊಂಡು ಹಾಲಿಗೆ ಬಂದು ಗಲ್ಲಾದ ಕುರ್ಚಿಯಲ್ಲಿ ಕೂತಳು. ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಮೇಜಿನ ಮೇಲಿಟ್ಟರೆ ಎಲ್ಲರಿಗೂ ಕಾಣುತ್ತಿತ್ತು. ತೊಡೆಯ ಮೇಲಿಟ್ಟುಕೊಂಡಳು.

ಮೊದಲ ದಿನ ಎಲ್ಲರೂ ಒಳ್ಳೆಯವರೇ. ಒಳ್ಳೇದಾಗ್ಲಮ್ಮ ಎಂದರು, ಬಾಳೆಹಣ್ಣು ಕೊಟ್ಟರು. ಎರಡನೇ ದಿನದಿಂದ ಶುರುವಾಯಿತು.

ಗೊಬ್ಬರದ ಅಂಗಡಿಯ ಕೊಟ್ರೇಶ್ ದಿನಾ ಎರಡು ತಟ್ಟೆ ಪಡ್ಡು ತಿನ್ನುವ ಆಸಾಮಿ. ಅವರು ಕೂರುವ ಮೊದಲೇ ಗಲ್ಲಾದ ಹತ್ತಿರ ನಿಂತು ಕೇಳಿದರು. "ಅಡುಗೆಗೆ ಯಾರವ್ರೆ ಈಗ?"

"ನಾನೇ ಅಣ್ಣಾರೆ. ಮೊದ್ಲಿಂದ್ಲೂ ನಾನೇ."

"ಮೊದ್ಲಿಂದ್ಲೂ?" ಕೊಟ್ರೇಶ್ ಸ್ವಲ್ಪ ಹೊತ್ತು ಅವಳನ್ನೇ ನೋಡಿದರು. ಆಮೇಲೆ ಟೀ ಮಾತ್ರ ಕುಡಿದರು. ಮರುದಿನ ಟೀಗೂ ಬರಲಿಲ್ಲ. ಅವರ ಜೊತೆ ಬರುತ್ತಿದ್ದ ಇನ್ನಿಬ್ಬರೂ ಬರಲಿಲ್ಲ. ಯಾಕೆಂದು ಕಾಟಮ್ಮ ಯಾರನ್ನೂ ಕೇಳಲಿಲ್ಲ. ಗೊತ್ತಿದ್ದುದನ್ನು ಕೇಳಿ ಏನು ಮಾಡುವುದು?

ಉಳಿದವರು ಬಂದರು, ಆದರೆ ಬಾಯಿ ಸುಮ್ಮನಿರಲಿಲ್ಲ. ಒಬ್ಬರಿಗೆ ಫ್ಯಾನು ಮೊದಲಿನಷ್ಟು ಜೋರಾಗಿ ತಿರುಗುತ್ತಿರಲಿಲ್ಲ. ಇನ್ನೊಬ್ಬರಿಗೆ ಟೀ ಲೋಟ ಚಿಕ್ಕದಾಗಿತ್ತು. ಅದೇ ಲೋಟ ಅಲ್ವಾ ಸಾಮಿ ಎಂದು ತಿಪ್ಪಯ್ಯ ತಿರುಗಿಸಿ ತೋರಿಸಿದರೂ, ತಳ ದಪ್ಪ ಆಗೈತೆ ಎಂದು ವಾದ ಮಾಡಿದರು. ವಾರಕ್ಕೊಮ್ಮೆ ಪುಣೆ ಕಡೆಯಿಂದ ಬರುವ ಲಾರಿ ಡ್ರೈವರೊಬ್ಬ ಗಲ್ಲಾದಲ್ಲಿ ಇವಳನ್ನು ಕಂಡವನೇ ಬಾಗಿಲಲ್ಲೇ ಚಪ್ಪಲಿ ಬಿಟ್ಟು, ದನಿ ತಗ್ಗಿಸಿ, "ಯಜಮಾನ್ರು ಯಾವಾಗ ಹೋದ್ರು?" ಎಂದು ಕೇಳಿದ. ಅವರು ಮನೇಲಿ ಗಟ್ಟಿಯಾಗಿದಾರಪ್ಪ ಎಂದು ಹೇಳಿ ಅವನಿಗೆ ಸಮಾಧಾನ ಮಾಡಬೇಕಾಯಿತು.

ಇದನ್ನೆಲ್ಲ ನುಂಗಿಕೊಳ್ಳಬಹುದಿತ್ತು. ನುಂಗಲಾಗದ್ದು ತಿಮ್ಮರಾಯಪ್ಪನವರ ಮಾತು. ತಿಮ್ಮರಾಯಪ್ಪ ರಿಟೈರಾದ ಲೈನ್‌ಮನ್. ಬೆಳಗ್ಗೆ ಏಳೂಕಾಲಿಗೆ ಕಿಟಕಿ ಪಕ್ಕದ ಮೇಜಿನಲ್ಲಿ ಅವರಿಲ್ಲದಿದ್ದರೆ ಆ ದಿನ ಊರಿಗೆ ಕರೆಂಟಿಲ್ಲವೆಂದೇ ಲೆಕ್ಕ ಎಂದು ಹಿಂದೆ ಜನ ತಮಾಷೆ ಮಾಡುತ್ತಿದ್ದರು. ಕೆಟ್ಟ ಮನುಷ್ಯನಲ್ಲ. ಹೆಂಡತಿ ತೀರಿಕೊಂಡ ಮೇಲೆ ಬೆಳಗಿನ ತಿಂಡಿಗೆ ಇದೇ ಹೋಟ್ಲನ್ನು ನಂಬಿಕೊಂಡಿದ್ದವರು. ಅವರು ಮೂರನೆಯ ದಿನ ಒಂದು ಪಡ್ಡು ಬಾಯಿಗಿಟ್ಟು, ಕಣ್ಣು ಮುಚ್ಚಿ, ನಿಧಾನವಾಗಿ ಅಗಿದು, ತಲೆಯಾಡಿಸಿದರು.

"ಹೋಯ್ತು ಕಣೋ ತಿಪ್ಪಯ್ಯ. ಏನೋ ಒಂದು ಹೋಯ್ತು. ಮುರುಗಪ್ಪನ ಕೈ ಅಂದ್ರೆ ಮುರುಗಪ್ಪನ ಕೈ."

ತಿಪ್ಪಯ್ಯ ಬಾಯಿ ತೆರೆಯಲು ಹೋದ. ಕಾಟಮ್ಮ ಗಲ್ಲಾದಿಂದಲೇ ಕಣ್ಣಲ್ಲಿ ತಡೆದಳು. ಅವನು ಗಲ್ಲಾದ ಹತ್ತಿರ ಬಂದು ದನಿ ತಗ್ಗಿಸಿ ಸಿಡುಕಿದ. "ಹೇಳಾಕೇನು ಅಕ್ಕಾ? ಇಪ್ಪತ್ತು ವರ್ಷ ತಿಂದಿದ್ದು ನಿನ್ನ ಕೈದೇ ಅಂತ ಒಂದ್ಮಾತು ಹೇಳಿದ್ರೆ ಮುಗೀತು."

"ಸಾವ್ಕಾರ್ರು ಇಷ್ಟು ದಿನ ಸುಳ್ಳು ಹೇಳ್ಕೊಂಡು ಕುಂತಿದ್ರು ಅಂದಂಗಾಗ್ತೈತೆ. ಬ್ಯಾಡ."

ಬಾಯಲ್ಲಿ ಹಾಗೆಂದಳು. ಆದರೆ ಮಾತು ಒಳಗೆ ಹೊಕ್ಕಿತ್ತು. ದಿನಾ ಒಬ್ಬರಲ್ಲ ಒಬ್ಬರು ಅದನ್ನೇ ಹೇಳುತ್ತಿದ್ದರೆ ಎಂಥವರಿಗೂ ಅನುಮಾನ ಬರುತ್ತದೆ. ಗಲ್ಲಾದ ಚಿಂತೆಯಲ್ಲಿ ಹಿಟ್ಟಿನ ಮೇಲೆ ಗಮನ ತಪ್ಪಿದೆಯೋ ಏನೋ? ವಯಸ್ಸಾಗುತ್ತಾ ಕೈ ಹಗುರವಾಗಿದೆಯೋ? ಮನೆಯಲ್ಲಿ ಯಮುನಾಳಿಗೆ ತಿನ್ನಿಸಿ ನೋಡಿದಳು. ಅದೇ ಐತವ್ವ ಎಂದಳು ಮಗಳು. ಮಗಳ ಮಾತನ್ನು ಹೇಗೆ ನಂಬುವುದು? ಕಾಟಮ್ಮ ತಿದ್ದಲು ಹೊರಟಳು. ಒಂದು ದಿನ ಹಿಟ್ಟಿಗೆ ಚೂರು ಬೆಲ್ಲ ಹಾಕಿದಳು. ಮಾರನೇ ದಿನ ಉಬ್ಬಲಿ ಎಂದು ಸೋಡ ಹಾಕಿದಳು. ಹಂಚಿನ ಗುಳಿಗಳಿಗೆ ಎಣ್ಣೆ ಹೆಚ್ಚಿಸಿದಳು. ಚಟ್ನಿಗೆ ಹುಣಸೆಹಣ್ಣು ಬಂತು, ಬೆಳ್ಳುಳ್ಳಿ ಬಂತು, ನಾಲ್ಕು ದಿನದಲ್ಲಿ ಪುದೀನವೂ ಬಂತು.

ಹತ್ತನೇ ದಿನ ತಿಪ್ಪಯ್ಯ ಒಂದು ತಟ್ಟೆ ಹಿಡಿದುಕೊಂಡು ಅವಳ ಮುಂದೆ ನಿಂತ. ತಟ್ಟೆಯಲ್ಲಿ ಯಾರೋ ಅರ್ಧ ತಿಂದು ಬಿಟ್ಟ ಪಡ್ಡು.

"ಅಕ್ಕಾ, ಒಂದ್ಮಾತು. ಬೈಬ್ಯಾಡ."

"ಹೇಳು."

"ಮೊದ್ಲು ಸುಳ್ಳು ಹೇಳ್ತಿದ್ರು. ಈಗ ನಿಜ ಹೇಳ್ತಿದಾರೆ."

ಕಾಟಮ್ಮ ಆ ತಟ್ಟೆಯಿಂದ ಚೂರು ಮುರಿದು ಬಾಯಿಗೆ ಹಾಕಿಕೊಂಡಳು. ಎಣ್ಣೆ ಹೀರಿ ಜಡ್ಡಾಗಿತ್ತು, ನಾಲಿಗೆ ಮೇಲೆ ಸೋಡದ ಉಪ್ಪುಪ್ಪು. ಹೌದು, ಕೆಟ್ಟಿತ್ತು. ತಾನೇ ಕೈಯಾರೆ ಕೆಡಿಸಿದ್ದಳು. ಅವಳಿಗೆ ಅಳು ಬಂತೋ ನಗು ಬಂತೋ ತಿಪ್ಪಯ್ಯನಿಗೆ ತಿಳಿಯಲಿಲ್ಲ. ಸೋಡದ ಪ್ಯಾಕೆಟ್ಟನ್ನು ಮಾತ್ರ ಅವಳು ಹಿಂದಿನ ಬಾಗಿಲಿಂದ ಬೀಸಿ ಒಗೆದಳು.

ಮರುದಿನ ಹಳೆಯ ಅಳತೆಗೇ ಮಾಡಿದಳು. ಮಧ್ಯಾಹ್ನ ಸ್ಟೀಲ್ ಡಬ್ಬಿಯಲ್ಲಿ ಹನ್ನೆರಡು ಪಡ್ಡು ತುಂಬಿಕೊಂಡು ಮುರುಗಪ್ಪನವರ ಮನೆಗೆ ಹೋದಳು. ಅವರಾದರೂ ತಿಂದು ಹೇಳಲಿ, ಏನು ಕಡಿಮೆಯಾಗಿದೆ ಎಂದು.

ಮುರುಗಪ್ಪನವರು ಪಡಸಾಲೆಯಲ್ಲಿ ಮಂಡಿಗೆ ಎಣ್ಣೆ ಸವರಿಕೊಂಡು ಕೂತಿದ್ದರು. ನಾಲ್ಕು ಪಡ್ಡು ತಿಂದರು. ಐದನೆಯದಕ್ಕೆ ಕೈ ಹಾಕಿದರು.

"ಹೇಳ್ರಿ ಸಾವ್ಕಾರ್ರೆ. ಏನು ಹೋಗೈತೆ ಇದ್ರಾಗೆ?"

"ಏನು ಹೋಗೈತೆ? ಏನೂ ಹೋಗಿಲ್ವಲ್ಲ."

"ಎಲ್ಲ್ರೂ ಹೋಗೈತೆ ಅಂತಾರೆ."

ಮುರುಗಪ್ಪನವರು ಡಬ್ಬಿ ನೋಡುತ್ತಾ ಕೂತರು. ಒಳಗಿಂದ ಮಜ್ಜಿಗೆ ತಂದ ಮರುಳಸಿದ್ದಮ್ಮ ಲೋಟವನ್ನು ಕಾಟಮ್ಮನ ಕೈಗೆ ಕೊಟ್ಟು, ಗಂಡನ ಕಡೆ ತಿರುಗಿದರು.

"ಹೇಳ್ರಿ ಅವಳಿಗೆ. ಸಂಜೆ ಕಟ್ಟೆ ಮೇಲೆ ಕುಂತಾಗ ಜನ ಏನಂತಾರೆ ಅಂತ ಹೇಳ್ರಿ. ನೀವು ಹೋಟ್ಲು ಬಿಟ್ಟ ಮೇಲೆ ರುಚಿನೇ ಹೋಯ್ತು ಅಂತಾರಂತೆ. ಇವರು ಕೇಳ್ಕೊಂಡು ನಗ್ತಾ ಮನೆಗೆ ಬರ್ತಾರೆ. ಆವತ್ತು ಮಂಡಿ ನೋವೂ ಇರಲ್ಲ!"

ಮುರುಗಪ್ಪನವರ ಮುಖ ಸಣ್ಣದಾಯಿತು. "ಇಲ್ಲ ಅನ್ನಾಕೆ ಬಾಯಿ ಬರಲಿಲ್ಲ ಕಣಮ್ಮ," ಎಂದರು. "ಮನೇಲಿ ಕುಂತ ಮೇಲೆ ನನ್ನ ಕೇಳೋರು ಯಾರು? ಅದೊಂದು ಮಾತು ಕಿವಿಗೆ ಹಿತವಾಗಿತ್ತು. ಅದು ನಿನ್ನ ಅನ್ನಕ್ಕೆ ಕಲ್ಲು ಹಾಕ್ತೈತೆ ಅಂತ ಹೊಳೀಲಿಲ್ಲ."

ಕಾಟಮ್ಮನಿಗೆ ಸಿಟ್ಟು ಬರಬೇಕಿತ್ತು. ದಾರಿಯುದ್ದಕ್ಕೂ ಬೇರೆ ಏನೇನೋ ಅಂದುಕೊಂಡು ಬಂದಿದ್ದಳು. ಆದರೆ ಎದುರಿಗೆ ಎಣ್ಣೆ ಮೆತ್ತಿದ ಆ ಬಡಕಲು ಮಂಡಿ ನೋಡಿದಳು. ಗಲ್ಲಾದ ಹಿಂದೆ ಅಷ್ಟು ದೊಡ್ಡದಾಗಿ ಕಾಣುತ್ತಿದ್ದ ಮನುಷ್ಯ ಪಡಸಾಲೆಯ ಚಾಪೆಯ ಮೇಲೆ ಇಷ್ಟೇ ಇಷ್ಟಾಗಿದ್ದರು. ರುಚಿ ಹೋಗಿಲ್ಲ ಎಂಬುದು ಖಾತ್ರಿಯಾಗಿತ್ತು, ಅವಳಿಗೆ ಬೇಕಿದ್ದುದು ಅದೇ. ಮಜ್ಜಿಗೆ ಕುಡಿದು ಎದ್ದಳು.

"ಯಾರಿಗೂ ಏನೂ ಹೇಳಬ್ಯಾಡ್ರಿ. ಒಂದಿನ ಹೋಟ್ಲಿಗೆ ಬಂದು ಕುಂತು ತಿನ್ರಿ. ಸಾಕು."

ಬರ್ತೀನಿ ಎಂದರು. ಒಂದು ವಾರ ಹೋಯಿತು, ಎರಡು ವಾರ ಹೋಯಿತು, ಬರಲಿಲ್ಲ. ಅಷ್ಟರಲ್ಲಿ ಹೋಟ್ಲಿನಲ್ಲಿ ಬೇರೆಯೇ ಒಂದು ಸಂಗತಿ ಶುರುವಾಯಿತು.

ಹೋಟ್ಲಿನ ಎದುರಿಗೇ ಗಾರ್ಮೆಂಟ್ಸ್ ಬಸ್ಸು ನಿಲ್ಲುವ ಜಾಗ. ಸುತ್ತಲಿನ ಹಳ್ಳಿಗಳಿಂದ ಬಂದ ಹೆಂಗಸರು ಬೆಳಗ್ಗೆ ಆರೂಮುಕ್ಕಾಲಿಗೇ ಬಂದು, ಏಳೂವರೆಯ ಬಸ್ಸಿಗಾಗಿ ಊಟದ ಡಬ್ಬಿ ಹಿಡಿದು ಅಲ್ಲಿ ನಿಂತಿರುತ್ತಿದ್ದರು. ವರ್ಷಗಳಿಂದ ನಿಲ್ಲುತ್ತಿದ್ದರು, ಒಬ್ಬರೂ ಹೋಟ್ಲಿನ ಒಳಗೆ ಕಾಲಿಟ್ಟವರಲ್ಲ. ಬಾರದೆಂದು ಯಾರೂ ಹೇಳಿರಲಿಲ್ಲ. ಆರು ಮೇಜಿನ ತುಂಬ ಗಂಡಸರು ಕೂತು ಪೇಪರ್ ಓದುತ್ತಿದ್ದರೆ ಯಾವ ಹೆಂಗಸು ಒಳಗೆ ಬಂದಾಳು? ಒಂದು ಬೆಳಗ್ಗೆ ಬಸ್ಸು ತಡವಾಯಿತು. ಇಪ್ಪತ್ತೈದರ ಒಬ್ಬ ಹುಡುಗಿ ಬಾಗಿಲವರೆಗೆ ಬಂದು ಒಳಗೆ ಇಣುಕಿದಳು. ಗಲ್ಲಾದಲ್ಲಿ ಹೆಂಗಸು ಕೂತಿದ್ದು ಕಂಡು ಇನ್ನೆರಡು ಹೆಜ್ಜೆ ಇಟ್ಟಳು. ಹೆಸರು ಕಾವ್ಯ ಎಂದು ಆಮೇಲೆ ತಿಳಿಯಿತು.

"ಅಕ್ಕಾ," ಎಂದು ಪಿಸುಗುಟ್ಟಿದಳು. "ಹಿಂದೆ ಬಾತ್‌ರೂಮ್ ಐತಾ?"

ಕಾಟಮ್ಮ ಗೂಟದ ಮೇಲಿನ ಬೀಗದ ಕೈ ತೆಗೆದು ಕೊಟ್ಟಳು. ಹುಡುಗಿ ಹೋಗಿ ಬಂದಳು, ಬೀಗದ ಕೈ ವಾಪಸ್ ಕೊಟ್ಟಳು, ಆದರೂ ನಿಂತೇ ಇದ್ದಳು.

"ಇಲ್ಲಿ ಕುಂತು ತಿನ್ನಬಹುದಾ ಅಕ್ಕಾ? ನಿಂತೂ ನಿಂತೂ ಸಾಕಾಗೈತೆ."

"ಕುಂತ್ಕಳವ್ವ. ಅದಕ್ಕೇ ಅಲ್ವಾ ಮೇಜು ಇರಾದು."

ಮರುದಿನ ಕಾವ್ಯಳ ಜೊತೆ ಮೂವರು ಬಂದರು. ಅದರ ಮರುದಿನ ಏಳು ಜನ. ವಾರ ಕಳೆಯುವುದರಲ್ಲಿ ಆರೂವರೆಯ ಹೊತ್ತಿಗೆ ನಾಲ್ಕು ಮೇಜು ತುಂಬತೊಡಗಿತು. ಕಾಟಮ್ಮ ಒಂದು ಗಂಟೆ ಮೊದಲೇ ಬಾಗಿಲು ತೆರೆಯತೊಡಗಿದಳು. ಬಸ್ಸು ಬದಲಿಸುವ ಟೀಚರ್‌ಗಳು ಬಂದರು, ಅಂಗನವಾಡಿಯವರು ಬಂದರು, ರಾತ್ರಿ ಪಾಳಿ ಮುಗಿಸಿ ಬರುವ ನರ್ಸೊಬ್ಬಳು ಚೀಲ ಪಕ್ಕಕ್ಕಿಟ್ಟು ಕಾಲು ಚಾಚಿ ಕೂರತೊಡಗಿದಳು. ಇವರ್ಯಾರೂ ಹಿಂದಿನ ಪಡ್ಡು ತಿಂದವರಲ್ಲ, ಹೋಲಿಸಿ ನೋಡಲು ಅವರ ಹತ್ತಿರ ಏನೂ ಇರಲಿಲ್ಲ. ಚಟ್ನಿ ಇನ್ನೊಂದು ಚೂರು ಹಾಕು ಅಣ್ಣಾ ಎಂದು ತಿಪ್ಪಯ್ಯನನ್ನು ಓಡಾಡಿಸಿದರು. ಅವರ ಬಾಯಲ್ಲಿ ಇದು ಅಕ್ಕನ ಹೋಟ್ಲಾಯಿತು. ಯಮುನಾ ಬೋರ್ಡಿನ ಮಾತು ಮತ್ತೊಮ್ಮೆ ತೆಗೆದಳು. "ಈಗ ಯಾಕೆ ಬೋರ್ಡು? ಬರಾ ಜನ ಬರ್ತಿದಾರಲ್ಲ," ಎಂದು ಕಾಟಮ್ಮ ನಕ್ಕಳು.

ಹಳೆಯ ಗಿರಾಕಿಗಳಿಗೆ ಇದು ಹೊಸ ದೂರಾಯಿತು. "ಏನಪ್ಪ ಇದು, ಲೇಡೀಸ್ ಹಾಸ್ಟೆಲ್ ಆಯ್ತಲ್ಲ," ಎಂದು ಒಬ್ಬರು ಗೊಣಗಿ ಎದ್ದು ಹೋದರು. ತಿಮ್ಮರಾಯಪ್ಪನವರು ಒಂದು ಬೆಳಗ್ಗೆ ಬಂದು ನೋಡಿದರೆ ಕಿಟಕಿ ಪಕ್ಕದ ಅವರ ಮೇಜಿನಲ್ಲಿ ಕಾವ್ಯ ಮತ್ತು ಇನ್ನಿಬ್ಬರು ಕೂತಿದ್ದರು. ಅವರು ಪೇಪರ್ ಮಡಚಿ ಹಿಡಿದು ನಡುವೆ ನಿಂತರು. ಕಾಟಮ್ಮ ಗಲ್ಲಾದಿಂದ ಎದ್ದಳು. ಅಷ್ಟರಲ್ಲಿ ಕಾವ್ಯಳೇ ಬೆಂಚಿನ ಮೇಲೆ ಸರಿದಳು.

"ಬರ್ರಿ ಅಜ್ಜಾರೆ, ಕುಂತ್ಕಳ್ರಿ. ಪೇಪರ್ ಓದ್ರಿ, ನಾವೂ ಕೇಳ್ತೀವಿ."

ತಿಮ್ಮರಾಯಪ್ಪ ಅತ್ತ ಇತ್ತ ನೋಡಿದರು. ಬೇರೆ ಜಾಗ ಇರಲಿಲ್ಲ. ಕೂತರು. ಮೊದಲ ದಿನ ಪೇಪರ್ ಮರೆಯಲ್ಲಿ ಮುಖ ಮುಚ್ಚಿಕೊಂಡೇ ತಿಂದರು. ಎರಡನೇ ದಿನ ಯಾವ ಡ್ಯಾಮಿಗೆ ಎಷ್ಟು ನೀರು ಬಂದಿದೆ ಎಂಬುದನ್ನು ಜೋರಾಗಿ ಓದಿದರು. ಮೂರನೆಯ ದಿನ, ನಿಮ್ಮ ಫ್ಯಾಕ್ಟರಿಯಲ್ಲಿ ಅರ್ಥಿಂಗ್ ಸರಿಯಾಗಿದೆಯಾ ಎಂದು ಶುರುಮಾಡಿ, ಹೊಲಿಗೆ ಮಷೀನಿನ ಹತ್ತಿರ ಒದ್ದೆ ಕಾಲಲ್ಲಿ ಹೋಗಬಾರದು ಎಂದು ಬಸ್ಸು ಬರುವವರೆಗೂ ಪಾಠ ಹೇಳಿದರು. ಆದರೂ ಎದ್ದು ಹೋಗುವಾಗ ಗಲ್ಲಾದ ಮುಂದೆ ನಿಂತು, "ಜನ ಬರ್ತಿದಾರೆ, ಸಂತೋಷ. ಆದ್ರೆ ಆ ರುಚಿ ಇಲ್ಲಮ್ಮ," ಎನ್ನುವುದನ್ನು ಮರೆಯುತ್ತಿರಲಿಲ್ಲ.

"ನಾಳೆ ಬರ್ರಿ ಅಣ್ಣಾರೆ, ನೋಡಾಣ," ಎನ್ನುತ್ತಿದ್ದಳು ಕಾಟಮ್ಮ. ಈಗ ಅವಳ ಎರಡು ಕೈಯೂ ಮೇಜಿನ ಮೇಲೇ ಇರುತ್ತಿದ್ದವು.

ಶ್ರಾವಣದ ಒಂದು ಬೆಳಗ್ಗೆ ಹೋಟ್ಲಿನ ಮುಂದೆ ಆಟೋ ನಿಂತಿತು. ಮುರುಗಪ್ಪನವರು ಊರುಗೋಲು ಹಿಡಿದು ಇಳಿದರು. ಒಳಗೆ ಬಂದವರು ಬಾಗಿಲಲ್ಲೇ ತಡೆದು ನಿಂತರು. ತಾವು ಮೂವತ್ತು ವರ್ಷ ಕೂತ ಜಾಗ ಹೆಂಗಸರ ಮಾತಿನಿಂದ ಗಿಜಿಗುಡುತ್ತಿತ್ತು. ಕಾಟಮ್ಮ ಗಲ್ಲಾದ ಕುರ್ಚಿ ಬಿಟ್ಟು ಎದ್ದು, ಬರ್ರಿ ಇಲ್ಲೇ ಕುಂತ್ಕಳ್ರಿ ಎಂದಳು. ಅವರು ಕೈಯಾಡಿಸಿದರು.

"ಅಲ್ಲಿ ಕುಂತ್ರೆ ಕೆಲಸ ಮಾಡ್ಬೇಕಾಗ್ತೈತೆ. ನಾನು ತಿನ್ನಾಕೆ ಬಂದಿದೀನಿ."

ತಿಮ್ಮರಾಯಪ್ಪ ಎದ್ದು ಹೋಗಿ ಅವರ ಕೈಹಿಡಿದು ತಂದು ತಮ್ಮ ಪಕ್ಕ ಕೂರಿಸಿಕೊಂಡರು. ತಿಪ್ಪಯ್ಯ ತಟ್ಟೆ ತಂದಿಟ್ಟ. ಮುರುಗಪ್ಪನವರು ನಿಧಾನವಾಗಿ, ಒಂದೊಂದೇ ಪಡ್ಡನ್ನು ಚಟ್ನಿಯಲ್ಲಿ ಅದ್ದಿ ತಿಂದರು. ತಿಮ್ಮರಾಯಪ್ಪ ಅವರ ಮುಖವನ್ನೇ ನೋಡುತ್ತಿದ್ದರು.

"ನೀವೇ ಹೇಳ್ರಿ ಈಗ. ನಿಮ್ಮ ಕೈ ಬರ್ತೈತಾ ಇದಕ್ಕೆ?"

ಗಲ್ಲಾದಲ್ಲಿ ಚಿಲ್ಲರೆ ಕೊಡುತ್ತಿದ್ದ ಕಾಟಮ್ಮನ ಬೆರಳು ನಿಂತಿತು. ಮುರುಗಪ್ಪನವರು ಕೈಯೊರೆಸಿಕೊಂಡರು. ಒಂದು ಸಲ ಅವಳ ಕಡೆ ನೋಡಿ, ಪಕ್ಕದ ಮೇಜಿಗೂ ಕೇಳುವಷ್ಟು ದನಿಯಲ್ಲಿ ಹೇಳಿದರು.

"ತಿಮ್ಮರಾಯಪ್ಪ, ನಾನು ಒಂದಿನಾನೂ ಪಡ್ಡು ಹುಯ್ದೋನಲ್ಲ. ನನಗೆ ಗಂಜಿ ಕಾಸಾಕೂ ಬರಲ್ಲ. ಇಪ್ಪತ್ತೊಂದು ವರ್ಷದಿಂದ ನೀನು ತಿಂದಿದ್ದು ಕಾಟಮ್ಮನ ಕೈದು. ನೀನು ಹೊಗಳಿದಾಗೆಲ್ಲ ನಾನು ಸುಮ್ನೆ ಇಸ್ಕೊಂಡೆ, ಅದು ನನ್ನ ತಪ್ಪು."

ತಿಪ್ಪಯ್ಯ ಕಿಂಡಿಯ ಹತ್ತಿರವೇ ತಟ್ಟೆ ಹಿಡಿದು ನಿಂತ. ತಿಮ್ಮರಾಯಪ್ಪ ಮುರುಗಪ್ಪನವರನ್ನು ನೋಡಿದರು, ಕಾಟಮ್ಮನನ್ನು ನೋಡಿದರು, ತಟ್ಟೆಯನ್ನು ನೋಡಿದರು. ಆಮೇಲೆ ಅವರ ಕಣ್ಣು ತುಂಬಿ ಬಂತು. ಮುರುಗಪ್ಪನವರ ಹೆಗಲು ಮುಟ್ಟಿದರು.

"ನೋಡಮ್ಮ ಕಾಟಮ್ಮ, ದೊಡ್ಡ ಮನುಷ್ಯ ಅಂದ್ರೆ ಹಿಂಗಿರ್ಬೇಕು," ಎಂದರು. "ನಿನ್ನ ವ್ಯಾಪಾರ ಉಳೀಲಿ ಅಂತ ತನ್ನ ಕೈ ಹೆಸರನ್ನೇ ನಿನಗೆ ಬಿಟ್ಟುಕೊಟ್ರಲ್ಲ! ಯಾರು ಮಾಡ್ತಾರೆ ಈ ಕಾಲದಾಗೆ?"

ಮುರುಗಪ್ಪನವರು ಇನ್ನೊಂದು ಸಲ ವಿವರಿಸಲು ಹೋದರು. ತಿಮ್ಮರಾಯಪ್ಪ ಬಿಡಲಿಲ್ಲ. "ಸುಮ್ನಿರಿ ಸಾವ್ಕಾರ್ರೆ, ನನಗೆ ಗೊತ್ತಿಲ್ವಾ," ಎಂದು ಎರಡು ತಟ್ಟೆ ಪಡ್ಡು ಹೆಚ್ಚಿಗೆ ತರಿಸಿದರು. ಕಾಟಮ್ಮನಿಗೆ ತಡೆಯಲಾಗಲಿಲ್ಲ. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಓಡಿದಳು. ಅಲ್ಲಿ ದ್ಯಾಮಮ್ಮ ಹಂಚಿನ ಮುಂದೆ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆವತ್ತು ಒಂದು ಹಂಚು ಪಡ್ಡು ಸೀದುಹೋಯಿತು.

ಮುರುಗಪ್ಪನವರು ಈಗ ಹದಿನೈದು ದಿನಕ್ಕೊಮ್ಮೆ ಆಟೋದಲ್ಲಿ ಬರುತ್ತಾರೆ. ಕೊಟ್ರೇಶ್ ಮಾತ್ರ ಇವತ್ತಿಗೂ ಹೋಟ್ಲಿನೊಳಗೆ ಕಾಲಿಟ್ಟಿಲ್ಲ. ಆದರೆ ಗೊಬ್ಬರದ ಅಂಗಡಿಯ ಹಮಾಲಿ ದಿನಾ ಬೆಳಗ್ಗೆ ಬಂದು ಎರಡು ತಟ್ಟೆ ಪಾರ್ಸಲ್ ಕಟ್ಟಿಸಿಕೊಂಡು ಹೋಗುತ್ತಾನೆ. ಯಾರಿಗೆ ಎಂದು ಕಾಟಮ್ಮ ಕೇಳುವುದಿಲ್ಲ. ಚಟ್ನಿ ಮಾತ್ರ ಸ್ವಲ್ಪ ಧಾರಾಳವಾಗಿ ಹಾಕಿಸುತ್ತಾಳೆ.

ದಸರೆಯ ಮುಂಚಿನ ಒಂದು ಬೆಳಗ್ಗೆ ಕಾವ್ಯ ಗಲ್ಲಾದ ಹತ್ತಿರ ಬಂದವಳು ಕಾಟಮ್ಮನ ಕೈಹಿಡಿದು ಎಳೆದಳು. "ಏಳಕ್ಕಾ. ನೀನು ತಿಂದಿದ್ದು ನಾವು ಒಂದಿನಾನೂ ನೋಡಿಲ್ಲ."

"ಒಳಗೆ ತಿಂತೀನಿ ಕಣೆ. ನಿಂತ್ಕಂಡು ಎರಡು ಬಾಯಿಗೆ ಹಾಕ್ಕೊಂಡ್ರೆ ಆಯ್ತು."

"ನಿಂತ್ಕಂಡು ಯಾಕೆ? ಬಾ."

ಇಪ್ಪತ್ತೆರಡು ವರ್ಷದಲ್ಲಿ ಆ ಮೇಜುಗಳನ್ನು ಅವಳು ಒರೆಸಿದ್ದಳು, ಹಬ್ಬಕ್ಕೆ ಸೋಪು ಹಾಕಿ ತಿಕ್ಕಿದ್ದಳು, ಮುಂದೆ ಕೂತಿರಲಿಲ್ಲ. ಬೆಂಚಿನ ಮೇಲೆ ಹೆಂಗಸರು ಸರಿದು ಜಾಗ ಮಾಡಿದರು. ತಿಪ್ಪಯ್ಯ ಹೆಗಲ ಮೇಲಿನ ಬಟ್ಟೆಯಿಂದ ಮೇಜು ಒರೆಸಿ, ನೀರಿನ ಲೋಟ ಇಟ್ಟು, ಗಂಭೀರವಾಗಿ ನಿಂತ.

"ಏನು ಕೊಡ್ಲಿ ಅಕ್ಕಾ?"

"ಏನೈತೆ?" ಎಂದಳು ಕಾಟಮ್ಮ, ಅಷ್ಟೇ ಗಂಭೀರವಾಗಿ.

ಇಡ್ಲಿ, ಉಪ್ಪಿಟ್ಟು, ಪಡ್ಡು, ಚಿತ್ರಾನ್ನ ಎಂದು ತಿಪ್ಪಯ್ಯ ರಾಗವಾಗಿ ಹೇಳಿ ಮುಗಿಸುವವರೆಗೂ ಅವಳು ಕಾದಳು. ಪಡ್ಡು ತರಿಸಿಕೊಂಡಳು. ಬಿಸಿ ಆರಲಿ ಎಂದು ಒಂದನ್ನು ಮುರಿದಿಟ್ಟು, ಕಿಟಕಿಯಿಂದ ರಸ್ತೆ ನೋಡಿದಳು. ಕೂತಲ್ಲಿಂದ ಮೇಲ್ಸೇತುವೆಯ ಮೇಲಿನ ಲಾರಿಗಳು, ಅದರಾಚೆ ಸೂರ್ಯಕಾಂತಿ ಹೊಲ ಕಾಣುತ್ತಿದ್ದವು. ಹೊರಗೆ ಗಾರ್ಮೆಂಟ್ಸ್ ಬಸ್ಸು ಹಾರನ್ ಹೊಡೆಯಿತು. ಹೆಂಗಸರೆಲ್ಲ ಡಬ್ಬಿ ಎತ್ತಿಕೊಂಡು ದಡಬಡನೆ ಓಡಿದರು. ಗಲ್ಲಾದ ಮುಂದೆ ಯಾರೋ ಬಂದು ನಿಂತರು, ತಿಪ್ಪಯ್ಯ ಅತ್ತ ಹೋದ. ಕಾಟಮ್ಮ ಏಳಲಿಲ್ಲ. ತಟ್ಟೆಯಲ್ಲಿ ಇನ್ನೂ ಎರಡು ಪಡ್ಡು ಇದ್ದವು.